ಷಡ್ಡಕರ ಗೇಟಿನಾಚೆ ಸರ್ಕಾರ

1988ರಲ್ಲಿ, ಏಳನೇ ಕ್ಲಾಸಿನ ಪರೀಕ್ಷೆ ಬರೆದ ಮೇಲೆ, ನಾನು ಓದು ನಿಲ್ಲಿಸಿದೆ. ನಮ್ಮ ಬಂಧುಬಳಗದಲ್ಲಿ ಈ ವಿಷಯ ಬಂದಾಗ ಕೆಲವರು 'ಪಾಪ' ಎನ್ನುತ್ತಾರೆ, ಕೆಲವರು ಮಾತು ಬದಲಿಸಿ ಕಾಫಿ ಕೇಳುತ್ತಾರೆ. ನನ್ನ ಷಡ್ಡಕರು ಮಾತ್ರ, ಮದುವೆ ಮನೆಯಾದರೂ ಸರಿ, ಶಿವಗಣಾರಾಧನೆಯಾದರೂ ಸರಿ, ನನ್ನ ಹೆಗಲ ಮೇಲೆ ಕೈ ಹಾಕಿ ಎಲ್ಲರಿಗೂ ಕೇಳುವಂತೆ ಪರಿಚಯ ಮಾಡಿಕೊಡುತ್ತಾರೆ: "ನಮ್ಮ ಫ್ಯಾಮಿಲೀಲಿ ಸರ್ಕಾರದ ಕೈಯಿಂದ ಬೇಗ ತಪ್ಪಿಸ್ಕೊಂಡೋನು ಅಂದ್ರೆ ಇವನೊಬ್ಬನೇ. ನಾವೆಲ್ಲ ಡಿಗ್ರಿವರೆಗೂ ಸಿಕ್ಕಾಕ್ಕೊಂಡಿದ್ವಿ."

ಸರ್ಕಾರಿ ಶಾಲೆ ಬಿಟ್ಟವನನ್ನು ಜೈಲು ಮುರಿದವನಂತೆ ಮೆರೆಸುವ ಇನ್ನೊಬ್ಬ ಮನುಷ್ಯನನ್ನು ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ. ನಾನು ಬಿಟ್ಟದ್ದು ಮನೆಯಲ್ಲಿ ಅನ್ನಕ್ಕೆ ತತ್ವಾರವಾಗಿತ್ತು ಎಂದು. ಅದನ್ನು ಹೇಳಿದರೆ ಅವರು, "ಕಾರಣ ಯಾವುದಾದ್ರೂ ಇರ್ಲಿ, ರಿಸಲ್ಟ್ ನೋಡು" ಎನ್ನುತ್ತಾರೆ.

ಅವರು ನನ್ನ ಹೆಂಡತಿಯ ಅಕ್ಕನ ಗಂಡ. ಬಿ.ಕಾಂ. ಓದಿದವರು, ಖಾಸಗಿ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಂಡಿದ್ದು ಈಗ ನಿವೃತ್ತರು. ವಯಸ್ಸಿನಲ್ಲಿ ಸರ್ಕಾರಿ ಕೆಲಸ ಸಿಕ್ಕಿದ್ದರೂ ಹೋಗಲಿಲ್ಲವಂತೆ. ಮನೆ ಬಿಟಿಎಂ ಲೇಔಟಿನಲ್ಲಿ, ಸುದ್ದಗುಂಟೆಪಾಳ್ಯಕ್ಕೆ ತಾಗಿದ ಒಂದು ರಸ್ತೆಯಲ್ಲಿ. ಅವರ ಸಿದ್ಧಾಂತ ಇಷ್ಟೇ: ಸರ್ಕಾರ ಅನ್ನುವುದು ನಮ್ಮ ಗೇಟಿನ ಹೊರಗೆ ನಿಲ್ಲಬೇಕು. ಕಳ್ಳ ಬಂದರೆ ಹಿಡಿಯಬೇಕು. ಉಳಿದ ಹೊತ್ತಿನಲ್ಲಿ ಕೆಮ್ಮಲೂ ಬಾರದು. ಇಂಥವರಿಗೆ ಲಿಬರ್ಟೇರಿಯನ್ ಎನ್ನುತ್ತಾರಂತೆ. ನನ್ನ ಬಾಯಿಗೆ ಆ ಮಾತು ಕೂರುವುದಿಲ್ಲ. ನನ್ನ ಹೆಂಡತಿ ಅದಕ್ಕೆ 'ತಕರಾರು' ಎನ್ನುತ್ತಾಳೆ.

ಗೇಟಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆ ಗೇಟು ಮಾಡಿದವನು ನಾನು. ಬೇರೆಯವರ ಶೆಡ್ಡಿನಲ್ಲಿ ವೆಲ್ಡಿಂಗ್ ಕಲಿತು, ಸ್ವಂತಕ್ಕೆ ಹಿಡಿದ ಮೊದಲ ಕೆಲಸ ಅದು. ಇವತ್ತು ಜಯನಗರದಿಂದ ಬನಶಂಕರಿವರೆಗೆ ನಾನು ಮಾಡಿದ ಗೇಟು, ಗ್ರಿಲ್ಲುಗಳಿವೆ. ಯಾವುದರ ಮುಂದೆ ಬೇಕಾದರೂ ತಲೆಯೆತ್ತಿ ನಿಲ್ಲುತ್ತೇನೆ. ಈ ಒಂದರ ಮುಂದೆ ಬಿಟ್ಟು. ವೆಲ್ಡಿಂಗು ಮೊಡವೆಯಂತೆ ಉಬ್ಬಿದೆ. ಎಡಗಡೆಯ ಬಾಗಿಲು ಬಲಗಡೆಯದಕ್ಕಿಂತ ಕುಳ್ಳ. ತೆಗೆದರೆ ಮೂರು ಮನೆಯಾಚೆಗೆ ಕೇಳುವ ಹಾಗೆ ಕಿರುಗುಟ್ಟುತ್ತದೆ. "ಅಣ್ಣ, ಇದನ್ನ ಕಿತ್ತು ಹೊಸದು ಹಾಕ್ಕೊಡ್ತೀನಿ, ದುಡ್ಡು ಬೇಡ" ಎಂದು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಒಂದೇ ಉತ್ತರ: "ಬಿಟ್ಟಿ ನಮ್ಮನೇಲಿ ನಡೆಯಲ್ಲ."

ನಡೆಯುವುದಿಲ್ಲ ಎಂದರೆ ನಿಜಕ್ಕೂ ನಡೆಯುವುದಿಲ್ಲ. ಹೆಲ್ಮೆಟ್ಟಿನ ಕಥೆ ಕೇಳಿ. ಯಾರೂ ಹಾಕದ ಕಾಲದಲ್ಲೇ ಅವರು ಹೆಲ್ಮೆಟ್ ಹಾಕುತ್ತಿದ್ದರು. ಮಡಿವಾಳದ ಟ್ರಾಫಿಕ್ಕಿನಲ್ಲಿ ತಲೆಯ ಬೆಲೆ ತಿಳಿದವರು. ಯಾವತ್ತು ಅದು ಕಡ್ಡಾಯವಾಯಿತೋ ಅವತ್ತು ಕೋಪ ಬಂತು. ಹೆಲ್ಮೆಟ್ ಬಿಡೋಣವೆಂದರೆ ತಲೆಯ ಮೇಲೆ ಪ್ರೀತಿ, ಹಾಕೋಣವೆಂದರೆ ಸರ್ಕಾರದ ಮಾತು ಕೇಳಿದಂತಾಗುತ್ತದೆ. ಕೊನೆಗೆ ಸ್ಕೂಟರನ್ನೇ ಮಾರಿದರು. ಅಂದಿನಿಂದ ಎಲ್ಲಿಗೆ ಹೋದರೂ ನಡಿಗೆ. ಬಹಳ ದೂರವಾದರೆ, ಹಲ್ಲು ಕಚ್ಚಿಕೊಂಡು, ಸರ್ಕಾರಿ ಬಸ್ಸು.

ಆ ಬಸ್ಸಿನಲ್ಲೇ ಒಂದು ದಿನ ಪಂಚಾಯಿತಿ ಆಯಿತು. ಹೆಂಗಸರಿಗೆ ಬಸ್ಸು ಉಚಿತವಾದ ಹೊಸತು. ಷಡ್ಡಕರೂ ಅವರ ಹೆಂಡತಿ, ಅಂದರೆ ನಮ್ಮ ಅಕ್ಕನೂ, ತರಕಾರಿಗೆಂದು ಜಯನಗರಕ್ಕೆ ಹೊರಟಿದ್ದರು. ನಾನೂ ಅದೇ ಬಸ್ಸಿನಲ್ಲಿದ್ದೆ. ಕಂಡಕ್ಟರು ಅಕ್ಕನ ಕೈಗೆ ಸೊನ್ನೆ ಟಿಕೆಟ್ ಕೊಟ್ಟ.

"ಇವರಿಗೂ ದುಡ್ಡಿನ ಟಿಕೆಟ್ ಕೊಡಿ" ಎಂದರು ಷಡ್ಡಕರು.

"ಹೆಂಗಸರಿಗೆ ಫ್ರೀ ಸಾರ್."

"ನಾನು ಫ್ರೀ ಕೇಳಿಲ್ಲ. ದುಡ್ಡು ಕೊಡ್ತಿದ್ದೀನಿ. ಇಸ್ಕೊಳ್ಳೋಕೇನು ಕಷ್ಟ?"

"ಸರಿ, ಇನ್ನೊಂದು ಗಂಡಸರ ಟಿಕೆಟ್ ಹರೀತೀನಿ. ಚೆಕಿಂಗ್‌ನೋರು ಹತ್ತಿ, ಇನ್ನೊಬ್ಬ ಗಂಡಸು ಎಲ್ಲಿ ಅಂತ ಕೇಳಿದ್ರೆ ಯಾರನ್ನ ತೋರಿಸ್ಲಿ?"

"ನೋಡಪ್ಪ, ಕೊಡೋನು ನಾನು, ತಗೊಳ್ಳೋನು ನೀನು. ನಮ್ಮಿಬ್ಬರ ಮಧ್ಯ ಸರ್ಕಾರಕ್ಕೇನು ಕೆಲಸ?"

"ಸಾರ್, ಬಸ್ಸೇ ಸರ್ಕಾರದ್ದು" ಎಂದ ಕಂಡಕ್ಟರು.

ಇಡೀ ಬಸ್ಸು ನಕ್ಕಿತು. ಷಡ್ಡಕರು ಮುಂದಿನ ಸ್ಟಾಪಿನಲ್ಲಿ ಪ್ರತಿಭಟನೆಗಾಗಿ ಇಳಿದರು. ಅಕ್ಕ ಇಳಿಯಲಿಲ್ಲ. ಕಿಟಕಿಯಿಂದ ಕೈಚೀಲವನ್ನು ಮಾತ್ರ ಕೇಳಿ ಇಸಿದುಕೊಂಡಳು.

ಚುನಾವಣೆ ಬಂತೆಂದರೆ ಅವರಿಗೆ ಹಬ್ಬ. ವೋಟು ಕೇಳುವವರು ಗೇಟಿನ ಹತ್ತಿರ ಬಂದ ಕೂಡಲೇ ಒಳಗಿನ ಸಿಮೆಂಟ್ ಕಟ್ಟೆಯ ಮೇಲೆ ಪೇಪರ್ ಮಡಿಸಿಟ್ಟು ಎದ್ದು ನಿಲ್ಲುತ್ತಾರೆ. ಆ ಕಟ್ಟೆಯೇ ಅವರ ವಿಧಾನಸೌಧ. ಬೆಳಗಿನ ಕಾಫಿಯಿಂದ ಸಂಜೆಯ ಸೊಳ್ಳೆ ಬರುವವರೆಗೆ ಅಧಿವೇಶನ ಅಲ್ಲೇ. ಬಂದವರು ರಸ್ತೆ ಮಾಡಿಸುತ್ತೇವೆ, ನೀರು ಬಿಡಿಸುತ್ತೇವೆ ಎಂದು ಶುರು ಮಾಡಿದರೆ ಇವರು ಕೈ ಅಡ್ಡ ಹಿಡಿದು, "ಅದಿರ್ಲಿ ಸ್ವಾಮಿ. ಗೆದ್ದರೆ ಏನೇನು ಮಾಡಲ್ಲ, ಅದನ್ನ ಹೇಳಿ" ಎನ್ನುತ್ತಾರೆ.

ಅಭ್ಯರ್ಥಿಗಳು ತಬ್ಬಿಬ್ಬಾಗುತ್ತಾರೆ. ಒಮ್ಮೆ ಕರಪತ್ರ ಹಂಚುತ್ತಿದ್ದವನೊಬ್ಬ ಬಿಸಿಲಿಗೆ ಬೇಸತ್ತು, "ನಮ್ಮೋರು ಏನೂ ಮಾಡಲ್ಲ ಬಿಡಿ ಸಾರ್, ಐದು ವರ್ಷ ಈ ಕಡೆ ತಲೇನೂ ಹಾಕಲ್ಲ" ಎಂದ. ಷಡ್ಡಕರು ಅವನನ್ನು ಒಳಗೆ ಕರೆದು ಮಜ್ಜಿಗೆ ಕೊಟ್ಟರು.

ಅವರು ವೋಟು ತಪ್ಪಿಸಿದವರಲ್ಲ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಕ್ಯೂನಲ್ಲಿ ಮೊದಲಿಗರಾಗಿ ನಿಲ್ಲುತ್ತಾರೆ. ಪಟ್ಟಿಯಲ್ಲಿ ಕೊನೆಗೆ ಇರುವ, ಯಾರೂ ಕೇಳದ ಪಕ್ಷೇತರನಿಗೆ ಒತ್ತಿ ಬರುತ್ತಾರೆ. ಫಲಿತಾಂಶದ ದಿನ ಮಾತ್ರ ಟೀವಿ ಮುಂದೆ ಚಡಪಡಿಸುತ್ತಾರೆ. "ಗೆಲ್ಲಲ್ಲ ಬಿಡಿ ಅಣ್ಣ, ಯಾಕೆ ಟೆನ್ಷನ್?" ಎಂದು ಕೇಳಿದೆ. "ಗೆದ್ದುಬಿಟ್ಟರೆ ಅನ್ನೋದೇ ಟೆನ್ಷನ್ನು. ಆಮೇಲೆ ಅವನೂ ಸರ್ಕಾರ ಆಗ್ತಾನಲ್ಲ" ಎಂದರು.

ಇಂಥವರ ಗೇಟಿನ ಮುಂದೆ, ಹೊಂಗೆಮರದ ಕೆಳಗೆ, ಬಾಗಲಕೋಟೆ ಕಡೆಯ ಹೆಂಗಸೊಬ್ಬಳು ತಳ್ಳುಗಾಡಿ ಹಾಕಿದಳು. ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ. ಆ ಸುತ್ತಿನ ಪಿಜಿಗಳಲ್ಲಿ ಇರುವ ಉತ್ತರ ಕರ್ನಾಟಕದ ಹುಡುಗರು ರೊಟ್ಟಿ ಬಡಿಯುವ ಸದ್ದು ಕೇಳಿದರೆ ಸಾಕು, ಚಪ್ಪಲಿ ಕೂಡ ಸರಿಯಾಗಿ ಮೆಟ್ಟದೆ ಓಡಿ ಬರುತ್ತಿದ್ದರು. ಗಂಡ ಇಲ್ಲದ ಹೆಂಗಸು. ಊರ ಹತ್ತಿರ ಮಗಳನ್ನು ನರ್ಸಿಂಗ್ ಓದಿಸುತ್ತಿದ್ದಳು. ಆ ಓದು ನಡೆಯುತ್ತಿದ್ದದ್ದು ಈ ಗಾಡಿಯ ಮೇಲೆ. ರಸ್ತೆಯವರೆಲ್ಲ ಅವಳನ್ನು ರೊಟ್ಟಿಯಮ್ಮ ಎಂದು ಕರೆಯುತ್ತಿದ್ದರು.

ಷಡ್ಡಕರಿಗೆ ಅವಳನ್ನು ಕಂಡರೆ ಎಲ್ಲಿಲ್ಲದ ಗೌರವ. "ಸಾಲ ಇಲ್ಲ, ಸ್ಕೀಮ್ ಇಲ್ಲ, ಶಿಫಾರಸು ಇಲ್ಲ. ಎರಡು ಕೈ, ಒಂದು ಒಲೆ. ನಾನು ಹೇಳೋದೆಲ್ಲ ಆಯಮ್ಮನ ಗಾಡಿ ಮೇಲಿದೆ ನೋಡು" ಎನ್ನುತ್ತಿದ್ದರು. ಕಟ್ಟೆಯ ಮೇಲೆ ಕೂತು ಗೋಡೆಯಾಚೆಗಿದ್ದ ಅವಳಿಗೆ ಮಾರುಕಟ್ಟೆಯ ಬಗ್ಗೆ ಭಾಷಣ ಮಾಡುತ್ತಿದ್ದರು. ಅವಳು ರೊಟ್ಟಿ ಬಡಿಯುತ್ತಲೇ, "ಹೌದ್ರೀ ಸಾಹೇಬ್ರ, ಖರೇನ ಅದ" ಎನ್ನುತ್ತಿದ್ದಳು. ಬಡಿಯುವ ಸದ್ದಿನಲ್ಲಿ ಅವಳಿಗೆ ಒಂದು ಮಾತೂ ಕೇಳುತ್ತಿರಲಿಲ್ಲ ಎಂದು ಅವಳೇ ನನಗೆ ಆಮೇಲೆ ಹೇಳಿದಳು.

ಒಂದು ಗುರುವಾರ ವಾರ್ಡಿನ ಕಡೆಯ ಇಬ್ಬರು ಬಂದು, ಗಾಡಿ ರಸ್ತೆಯ ಮೇಲಿದೆ ಎಂದು ದೂರು ಬಂದಿದೆ, ಸೋಮವಾರದೊಳಗೆ ತೆಗೆಯದಿದ್ದರೆ ಲಾರಿಗೆ ಎತ್ತಿ ಹಾಕುತ್ತೇವೆ ಎಂದು ಹೇಳಿ ಹೋದರು. ದೂರು ಕೊಟ್ಟದ್ದು ಎದುರು ಮನೆಯ, ನಿವಾಸಿಗಳ ಸಂಘದ ಅಧ್ಯಕ್ಷರು. ಬೇರೆ ರಸ್ತೆಗೆ ಹೋದರೆ ಅಲ್ಲಿ ಬೇರೆ ಗಾಡಿಯವರು ಬಿಡುವುದಿಲ್ಲ. ಗಾಡಿ ಹೋದರೆ ಮಗಳ ಓದು ಹೋಯಿತು. ಅವಳು ಅವತ್ತು ರೊಟ್ಟಿ ಬಡಿದಳು, ಆದರೆ ಸದ್ದು ಬೇರೆಯಾಗಿತ್ತಂತೆ. ಅಕ್ಕ ಹೇಳಿದಳು.

ಶನಿವಾರ ಷಡ್ಡಕರು ನನಗೆ ಫೋನ್ ಮಾಡಿದರು. "ನಾಳೆ ಇಬ್ಬರು ಆಳು ಕರ್ಕೊಂಡು ಬಾ. ಗೋಡೆ ಒಡೀಬೇಕು."

"ಯಾರದ್ದು?"

"ನನ್ನದೇ ಕಣೋ. ಬೇರೆಯವರ ಗೋಡೆ ಒಡೆಯೋಕೆ ನಾನೇನು ಸರ್ಕಾರಾನಾ?"

ಅವರ ಯೋಜನೆ ಸರಳವಾಗಿತ್ತು. ಕಾಂಪೌಂಡ್ ಗೋಡೆಗೂ ಒಳಗಿನ ಕಟ್ಟೆಗೂ ನಡುವೆ ಮೂರಡಿ ಮಣ್ಣಿನ ಜಾಗವಿತ್ತು. ಗೋಡೆಯನ್ನೂ ಗೇಟನ್ನೂ ಮೂರಡಿ ಒಳಗೆ ತಂದರೆ ಅಷ್ಟು ಜಾಗ ಬೀದಿಯ ಕಡೆಗೆ ತೆರೆದುಕೊಳ್ಳುತ್ತದೆ. ಗಾಡಿ ಅಲ್ಲಿ ನಿಲ್ಲುತ್ತದೆ. ಜಾಗ ಷಡ್ಡಕರದು, ಗಾಡಿ ರೊಟ್ಟಿಯಮ್ಮನದು, ಸರ್ಕಾರ ತೆಪ್ಪಗೆ ರಸ್ತೆಯಲ್ಲಿ.

ಅಡ್ಡವಿದ್ದದ್ದು ಒಂದೇ, ಕಲ್ಲು. ಕಟ್ಟೆಯ ಪಕ್ಕದಲ್ಲಿ ಮೊಣಕಾಲೆತ್ತರದ ಒಂದು ಕಲ್ಲು ನೆಲದಿಂದ ಎದ್ದಿತ್ತು. ಗೃಹಪ್ರವೇಶದ ದಿನ ನಮ್ಮಿಬ್ಬರ ಅತ್ತೆ ಅದನ್ನು ಕಂಡು, "ಇದು ಭೂಮ್ತಾಯಿ ಕಲ್ಲು ಕಣ್ರೇ, ತುಳೀಬೇಡಿ" ಎಂದು ಅರಿಶಿನ ಹಚ್ಚಿದ್ದರು. ಅತ್ತೆ ಹೋಗಿ ವರ್ಷಗಳಾದವು. ಅಕ್ಕ ಪ್ರತಿ ಶುಕ್ರವಾರ ಅರಿಶಿನ, ಕುಂಕುಮ ಇಟ್ಟು, ಹೂವೇರಿಸಿ, ಆ ಕಲ್ಲು ಒಂದು ಹಳದಿ ಕಂಬಳಿ ಹೊದ್ದಂತಾಗಿತ್ತು. ಷಡ್ಡಕರು ಅದಕ್ಕೆ ಎಂದೂ ಕೈ ಮುಗಿದವರಲ್ಲ. "ನಿನ್ನ ಕಲ್ಲು, ನಿನ್ನ ಅರಿಶಿನ, ನಿನ್ನಿಷ್ಟ" ಎನ್ನುತ್ತಿದ್ದರು.

ಭಾನುವಾರ ನಾವು ಹೋಗಿ ಅಳೆದು ನೋಡಿದರೆ, ಹೊಸ ಗೋಡೆ ಸರಿಯಾಗಿ ಆ ಕಲ್ಲಿನ ಮೇಲೇ ಬರುತ್ತಿತ್ತು. ತೆಗೆಯಬೇಕು ಎಂದೆ. ಅಕ್ಕ ಒಪ್ಪಿದಳು, ಆದರೆ ಒಂದು ಷರತ್ತು: ಎಬ್ಬಿಸುವ ಮೊದಲು ಅಭಿಷೇಕ ಆಗಬೇಕು. ಸರಿ ಎಂದೆವು. ಅಕ್ಕ ಬಿಂದಿಗೆ ತಂದಳು. ರೊಟ್ಟಿಯಮ್ಮನೂ ಸೆರಗು ಸಿಕ್ಕಿಸಿಕೊಂಡು ಇನ್ನೊಂದು ಬಿಂದಿಗೆ ತಂದಳು. ಒಂದು ಬಿಂದಿಗೆಗೆ ಹೂವಿನ ಕಸ ಹೋಯಿತು. ಎರಡನೆಯದಕ್ಕೆ ಕುಂಕುಮ. ಅಕ್ಕ ತೆಂಗಿನ ನಾರು ತಗೊಂಡು ಉಜ್ಜತೊಡಗಿದ ಮೇಲೆ ಇಷ್ಟು ವರ್ಷದ ಅರಿಶಿನ ಹೆಪ್ಪುಹೆಪ್ಪಾಗಿ ಕಳಚಿತು. ಒಳಗಿನಿಂದ ದೇವರು ಕಾಣಿಸಿತು. ದೇವರ ಮೈಮೇಲೆ ಒಂದು ಬಾಣದ ಗುರುತು, ಅದರ ಕೆಳಗೆ ಸೈಟಿನ ನಂಬರು.

ಬೆಂಗಳೂರಿನಲ್ಲಿ ಸೈಟು ಕಂಡ ಯಾರಿಗೇ ಆಗಲಿ ಅದು ಏನೆಂದು ಹೇಳಿಕೊಡಬೇಕಾಗಿಲ್ಲ. ಲೇಔಟ್ ಮಾಡಿದಾಗ ಸರ್ಕಾರದವರು ನೆಟ್ಟ ಗಡಿಕಲ್ಲು. ಸೈಟು ಮುಗಿಯುವುದು ಅಲ್ಲಿಗೆ. ಕಲ್ಲಿನಿಂದ ಗೋಡೆಯವರೆಗಿನ ಮೂರಡಿ ಬೀದಿಗೆ ಸೇರಿದ್ದು. ಹಿಂದಿನ ಮಾಲೀಕ ಗೋಡೆಯನ್ನು ಮುಂದೆ ತಂದು ಕಟ್ಟಿ ಮಾರಿದ್ದ. ಮನೆ ಕೊಂಡವರು ಕಲ್ಲನ್ನು ಕಂಡರು, ಅತ್ತೆ ಅದನ್ನು ದೇವರು ಮಾಡಿದರು, ಅಕ್ಕ ಶುಕ್ರವಾರಕ್ಕೊಮ್ಮೆ ಸಾಕ್ಷಿಯ ಮುಖಕ್ಕೆ ಅರಿಶಿನ ಬಳಿಯುತ್ತ ಬಂದಳು. ಪಾಪ, ಭಕ್ತಿಯಿಂದಲೇ.

ಷಡ್ಡಕರು ಕಟ್ಟೆಯ ಮೇಲೆ ಕೂತರು. ಕಲ್ಲನ್ನೇ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು: "ಸರ್ಕಾರ ನಮ್ಮ ಗೇಟಿನೊಳಗೆ ಬರಬಾರದು ಅಂತ ಇಷ್ಟು ವರ್ಷ ಬಡ್ಕೊಂಡೆ. ನಾನೇ ಹೋಗಿ ಅವರ ಜಾಗದೊಳಗೆ ಗೇಟ್ ಹಾಕ್ಕೊಂಡು ಕೂತಿದ್ದೀನಲ್ಲೋ."

ಅಕ್ಕ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಯಾರು ನೋಡಿದ್ದಾರೆ ಈಗ? ಮತ್ತೆ ಅರಿಶಿನ ಹಚ್ಚಿಬಿಡ್ತೀನಿ. ನೀವು ಅಂದ್ಕೊಂಡ ಹಾಗೇ ಮಾಡಿ. ಗಾಡಿ ನಿಂತರೆ ಸಾಕಲ್ಲ."

ರೊಟ್ಟಿಯಮ್ಮ ಬಿಂದಿಗೆ ಕೆಳಗಿಟ್ಟಳು. ಅವಳಿಗೆ ವಿಷಯ ಅರ್ಥವಾಗಿತ್ತು. ಕೊಡುತ್ತೇನೆಂದ ಜಾಗ ಕೊಡುವವರದಲ್ಲ. ಸೋಮವಾರ ನಾಳೆಯೇ. "ಇರ್ಲಿ ಬಿಡ್ರೀ ಸಾಹೇಬ್ರ" ಎಂದಳು. "ನನ್ನ ಸಲುವಾಗಿ ನೀವು ಸುಳ್ಳು ಆಗಬ್ಯಾಡ್ರಿ. ದೇವ್ರು ಎಲ್ಲೆರೆ ದಾರಿ ತೋರಿಸ್ತಾನ." ದೇವರು ಎನ್ನುವಾಗ ಅವಳ ಕಣ್ಣು ಅಭ್ಯಾಸಬಲದಿಂದ ಆ ಕಲ್ಲಿನ ಕಡೆಗೇ ಹೋಯಿತು.

ನಾನೂ ನನ್ನ ಆಳುಗಳೂ ಸುತ್ತಿಗೆ ಹಿಡಿದು ನಿಂತಿದ್ದೆವು. ಆ ಹೊತ್ತು ಷಡ್ಡಕರು ಏನು ಬೇಕಾದರೂ ಹೇಳಬಹುದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಬಿಟಿಎಂ ಲೇಔಟಿನಲ್ಲಿ ಯಾವ ನಾಯಿಯೂ ಬೊಗಳುತ್ತಿರಲಿಲ್ಲ. ಅವರು ಕೂತ ಕಟ್ಟೆಯನ್ನೊಮ್ಮೆ ಅಂಗೈಯಿಂದ ಸವರಿದರು. ಎದ್ದರು.

"ಕಲ್ಲು ಮುಟ್ಟಬೇಡ. ಅದು ಇದ್ದಲ್ಲೇ ಇರ್ಲಿ. ಗೋಡೆ ಮೂರಡಿ ಅಲ್ಲ, ಆರಡಿ ಒಳಗೆ ಬರುತ್ತೆ. ಕಲ್ಲಿನಿಂದಾಚೆ ಮೂರಡಿ ನಡೆಯೋರಿಗೆ. ಈಚೆ ಮೂರಡಿ ನನ್ನದು, ಅದು ಆಯಮ್ಮನ ಗಾಡಿಗೆ."

"ಅಣ್ಣ, ಆರಡಿ ಅಂದ್ರೆ ಕಟ್ಟೆ ಹೋಗುತ್ತೆ."

"ನನಗೂ ಗೊತ್ತು. ಮೊದಲು ಅದನ್ನೇ ಒಡಿ. ಆಮೇಲೆ ನನ್ನ ಮನಸ್ಸು ಬದಲಾದರೆ ಕಷ್ಟ."

ಅಧಿವೇಶನ ನಡೆಯುತ್ತಿದ್ದ ಕಟ್ಟೆ ಮಧ್ಯಾಹ್ನದೊಳಗೆ ಇಟ್ಟಿಗೆ ಪುಡಿಯಾಯಿತು, ಸಂಜೆಯೊಳಗೆ ಹಳೆಯ ಗೋಡೆಯೂ ಉರುಳಿತು. ಆಮೇಲೆ ಇನ್ನೊಂದು ತಕರಾರು ಎದ್ದಿತು, ಈ ಸಲ ರೊಟ್ಟಿಯಮ್ಮನಿಂದ.

"ಧರ್ಮಕ್ಕ ನಾ ನಿಂದರಂಗಿಲ್ರೀ. ಬಾಡಿಗಿ ಹೇಳ್ರಿ."

ಷಡ್ಡಕರ ಮುಖ ಅರಳಿತು. ಇಡೀ ಬೆಂಗಳೂರಿನಲ್ಲಿ ಬಿಟ್ಟಿ ಬೇಡ ಎನ್ನುವ ಇನ್ನೊಂದು ಜೀವ ಸಿಕ್ಕಿತಲ್ಲ! ಇಬ್ಬರೂ ಇಟ್ಟಿಗೆ ರಾಶಿಯ ಮೇಲೆ ಎದುರುಬದುರು ಕೂತು ಮಾತುಕತೆ ನಡೆಸಿದರು. ಅವಳು ಹೇಳಿದ್ದು ಜಾಸ್ತಿಯಾಯಿತು ಎಂದು ಇವರು, ಇವರು ಹೇಳಿದ್ದು ಕಡಿಮೆಯಾಯಿತು ಎಂದು ಅವಳು. ಇಂಥ ಉಲ್ಟಾ ಚೌಕಾಸಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಕೊನೆಗೆ ಒಪ್ಪಂದವಾಯಿತು: ಬಾಡಿಗೆ ದಿನಕ್ಕೊಂದು ಬಿಸಿ ರೊಟ್ಟಿ, ಪಲ್ಯ ಸಮೇತ. ಚಟ್ನಿ ಬೇಕಾದರೆ ಷಡ್ಡಕರು ದುಡ್ಡು ಕೊಟ್ಟು ಕೊಳ್ಳಬೇಕು.

ಸೋಮವಾರ ವಾರ್ಡಿನವರು ಲಾರಿ ಸಮೇತ ಬಂದರು. ಷಡ್ಡಕರು ಇಸ್ತ್ರಿ ಶರ್ಟು ಹಾಕಿಕೊಂಡು, ಸ್ವಾತಂತ್ರ್ಯದ ಬಗ್ಗೆ ಒಂದು ಭಾಷಣ ಸಿದ್ಧ ಮಾಡಿಕೊಂಡು ನಿಂತಿದ್ದರು. ಬಂದವರಲ್ಲಿ ಹಿರಿಯವನು ಕಲ್ಲು ನೋಡಿದ, ಗಾಡಿ ನೋಡಿದ. "ಕಲ್ಲಿನೊಳಗಡೆ ಇದೆಯಲ್ಲ ಸಾರ್. ರೋಡ್ ಕ್ಲಿಯರ್. ನಮ್ಮ ದೂರು ಕ್ಲೋಸ್" ಎಂದ. ಇಬ್ಬರೂ ತಲಾ ಎರಡು ರೊಟ್ಟಿ ತಿಂದು, ದುಡ್ಡು ಕೊಟ್ಟು ಹೋದರು. ಭಾಷಣ ಹಾಗೇ ಉಳಿಯಿತು. ಷಡ್ಡಕರಿಗೆ ಅದು ಇವತ್ತಿಗೂ ಒಂದು ಕೊರಗು.

ಎದುರು ಮನೆಯ ಅಧ್ಯಕ್ಷರು ಅವತ್ತೇ ಸಂಜೆ ಬಂದರು. ಜಗಳಕ್ಕೆ ಬಂದರು ಎಂದುಕೊಂಡೆವು. ಅವರು ಕಲ್ಲನ್ನೇ ನೋಡುತ್ತ ಕೇಳಿದರು, "ಇದಕ್ಕೆ ಸ್ವಲ್ಪ ಅರಿಶಿನ ಗಿರಿಶಿನ ಹಚ್ಚಬಾರದಾ?"

"ಯಾಕ್ ಸಾರ್?"

"ಅಲ್ಲ, ಹೀಗೆ ನಂಬರು ಕಾಣಿಸ್ಕೊಂಡು ನಿಂತರೆ, ನೋಡೋರು ಸುಮ್ಮನಿರ್ತಾರಾ? ಬೇರೆಯವರ ಕಲ್ಲು ಎಲ್ಲಿ ಅಂತ ಹುಡುಕಲ್ವಾ?"

ಅವರ ಕಾಂಪೌಂಡಿನ ಗುಲಾಬಿ ತೋಟ ಯಾರ ಜಾಗದ ಮೇಲಿದೆ ಎಂದು ಆಗ ನಮಗೆ ಹೊಳೆಯಿತು. ಆ ವಾರ ಇಡೀ ರಸ್ತೆಯಲ್ಲಿ ಭಕ್ತಿ ಹೆಚ್ಚಾಯಿತು. ಅಲ್ಲಲ್ಲಿ ಹೊಸ ಹೂಕುಂಡಗಳು ಬಂದವು. ಗಾಡಿಯ ಮೇಲೆ ಮಾತ್ರ ಆ ರಸ್ತೆಯಿಂದ ಮತ್ತೆ ದೂರು ಹೋಗಲಿಲ್ಲ. ಅಳತೆಯವರನ್ನು ಕರೆಸುವ ಧೈರ್ಯ ಯಾರಿಗೂ ಉಳಿದಿರಲಿಲ್ಲ.

ಮುಂದಿನ ಭಾನುವಾರದ ಹೊತ್ತಿಗೆ ಒಳಗಿನ ಗೋಡೆ ಎದ್ದಿತು. ಗೇಟು ಕೂರಿಸುವುದೊಂದು ಬಾಕಿ. ನಾನು ಹೊಸ ಗೇಟು ಮಾಡಿಕೊಂಡು ಹೋಗಿದ್ದೆ. ಎರಡೂ ಬಾಗಿಲು ಸಮ, ಬೆಸುಗೆ ಎಲ್ಲಿದೆ ಎಂದು ಕೈಗೆ ಸಿಗದಷ್ಟು ನುಣುಪು, ತೆಗೆದರೆ ಸದ್ದಿಲ್ಲ. ಇಷ್ಟೆಲ್ಲ ಒಡೆದ ಮೇಲೆ ಹಳೆಯದಕ್ಕೆ ಏನು ಮರ್ಯಾದೆ ಎಂದು ನನ್ನ ಲೆಕ್ಕಾಚಾರ.

ಷಡ್ಡಕರು ಟೆಂಪೋದಲ್ಲಿದ್ದ ಗೇಟಿನ ಮೇಲೆ ಬೆರಳಾಡಿಸಿದರು. "ಸಖತ್ತಾಗಿದೆ. ವಾಪಸ್ ತಗೊಂಡೋಗು. ಹಳೇದನ್ನೇ ಕೂರಿಸು."

ನನಗೆ ರೇಗಿತು. "ಬಿಟ್ಟಿ ಬೇಡ ಅಂದ್ರೆ ದುಡ್ಡು ಕೊಡಿ, ಇಸ್ಕೋತೀನಿ. ಆ ಕೆಟ್ಟ ಗೇಟು ನೋಡಿ ನೋಡಿ ನನಗೆ ಸಾಕಾಗಿದೆ. ನಂಟರಿಷ್ಟರೆಲ್ಲ ಇದನ್ನ ಮಾಡಿದೋನು ನಾನೇ ಅಂತ ತೋರಿಸ್ತಾರೆ."

ಅವರು ಹಳೆಯ ಗೇಟಿನ ಕಡೆಗೆ ತಿರುಗಿದರು. ರೊಟ್ಟಿಯಮ್ಮ ಹಿಟ್ಟು ನಾದುತ್ತಿದ್ದಳು, ಇನ್ನೂ ಬಡಿಯಲು ಶುರು ಮಾಡಿರಲಿಲ್ಲ.

"ಅವತ್ತು ಈ ಗೇಟಿಗೆ ಮೂರು ಜನ ರೇಟ್ ಹೇಳಿದ್ರು" ಎಂದರು. "ಎಲ್ಲರಿಗಿಂತ ಜಾಸ್ತಿ ಹೇಳಿದೋನು ನೀನು. ಕೆಲಸ ಬರ್ತಿರ್ಲಿಲ್ಲ, ಅದೂ ಗೊತ್ತಿತ್ತು. ಮೆಷಿನ್ ಕೂಡ ನೀನು ಬಾಡಿಗೆಗೆ ತಂದಿದ್ದೆ."

"ಗೊತ್ತಿದ್ದೂ ಯಾಕ್ ಕೊಟ್ರಿ?"

ಷಡ್ಡಕರು ಅಕ್ಕ ಎಲ್ಲಿದ್ದಾಳೆ ಎಂದು ಒಮ್ಮೆ ಹಿಂತಿರುಗಿ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದರು.

"ಜೀವನದಲ್ಲಿ ಒಂದೇ ಒಂದು ಸಲ ಸಬ್ಸಿಡಿ ಕೊಟ್ಟಿದ್ದೀನಿ ಕಣೋ. ಅದು ಕೆಲಸ ಮಾಡ್ತು. ಯಾರಿಗೂ ಹೇಳ್ಬೇಡ."

ನಾನು ಹಳೆಯ ಗೇಟನ್ನೇ ಎತ್ತಿ ಕೂರಿಸಿದೆ. ಹಿಂಜಿಗೆ ಎಣ್ಣೆ ಬಿಡಲು ಡಬ್ಬಿ ತೆಗೆದವನು, ಬಿಡದೆ ಮುಚ್ಚಿಟ್ಟೆ. ಗೇಟು ತೆಗೆದಾಗ ಮೂರು ಮನೆಯಾಚೆಗೆ ಕೇಳುವಂತೆ ಕಿರುಗುಟ್ಟಿತು. ಅದರ ಬೆನ್ನಿಗೇ ಹೊರಗೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು.

ಈಗ ನನ್ನ ಬಳಿ ಇರುವುದು ಇಷ್ಟು: ಚಿಕ್ಕಲಸಂದ್ರದಲ್ಲಿ ಒಂದು ಶೆಡ್ಡು, ಮೂರು ವೆಲ್ಡಿಂಗ್ ಮೆಷಿನ್ನು, ಐದು ಜನ ಕೆಲಸಗಾರರು, ಒಂದು ಟೆಂಪೋ, ಎರಡು ಕೋಣೆಯ ಸ್ವಂತ ಮನೆ, ಡಿಗ್ರಿ ಓದುತ್ತಿರುವ ಒಬ್ಬ ಮಗಳು, ಯಾರೂ ಕೊಳ್ಳದೆ ಶೆಡ್ಡಿನಲ್ಲಿ ಒರಗಿ ನಿಂತಿರುವ ಒಂದು ಹೊಸ ಗೇಟು, ಮತ್ತು ಬಿಟಿಎಂ ಲೇಔಟಿನಲ್ಲಿ ಒಂದು ಹಳೆಯದು.